ಸ್ವಲ್ಪ ಜೋರಾಗಿ ತಿರುಗುವ ಪ್ಲೇಟು

ಕುವೆಂಪುನಗರ, ಮೈಸೂರು
11 ಫೆಬ್ರವರಿ 2024

ಅತ್ತೆ,

ನಮಸ್ಕಾರ. ಊರೊಳಗೇ ಇದ್ದುಕೊಂಡು ಅಂಚೆಯಲ್ಲಿ ಕಾಗದ ಹಾಕುತ್ತಾಳಲ್ಲ, ಇವಳಿಗೇನು ಬಂತು ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಮಾತಾಡುವುದು ನಿಮ್ಮ ಬೀದಿಗೆಲ್ಲ ಕೇಳುತ್ತದೆ. ಮಾವನ ಮೈಕ್‌ಸೆಟ್ ಅಂಗಡಿಯಲ್ಲಿ ಸ್ಪೀಕರಿನ ಸದ್ದಿಗೂ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಪೋಸ್ಟ್‌ಮ್ಯಾನ್ ಬರುವುದು ಮಧ್ಯಾಹ್ನ, ಆಗ ಯೋಗೇಂದ್ರ ಮನೆಯಲ್ಲಿರುವುದಿಲ್ಲ. ನನ್ನ ಕೈಬರಹ ನೋಡಿ ಅವರಿಗೆ ಬೇಸರವಾಗುವುದು ಬೇಡ. ಡೈವೋರ್ಸಿಗೆ ನಾವಿಬ್ಬರೂ ಒಪ್ಪಿಯೇ ಸಹಿ ಹಾಕಿದೆವು, ಕೋರ್ಟಿನ ಕೆಲಸವೂ ಮುಗಿಯಿತು. ಆ ವಿಷಯ ಅಲ್ಲಿಗೇ ಬಿಡೋಣ.

ಬರೆಯಲು ಕೂತದ್ದು ಬೇರೆಯದಕ್ಕೆ. ನಾನು ಮನೆ ಬಿಟ್ಟು ಹೊರಟ ದಿನ ನೀವು ಮಾವನ ಹಾಡಿನ ಪ್ಲೇಟುಗಳ ಟ್ರಂಕನ್ನು ಆಟೋಗೆ ಹಾಕಿಸಿದಿರಲ್ಲ, "ಯೋಗಿ ಪ್ಲೇಯರ್‌ನ ಗುಜರಿಗೆ ಹಾಕ್ದಂಗೆ ಇವನ್ನೂ ಹಾಕ್ಬುಡ್ತಾನೆ, ನೀನೇ ತಗೊಂಡೋಗು" ಎಂದು. ಬೇರೆ ಅತ್ತೆಯರು ಸೊಸೆ ಹೊರಟಾಗ ಹಾಕಿದ ಒಡವೆ ವಾಪಸ್ ಕೇಳುತ್ತಾರೆ. ನೀವು ಕೈತುಂಬ ಕೊಟ್ಟು ಕಳಿಸಿದಿರಿ. ಇಷ್ಟು ದಿನ ಆ ಟ್ರಂಕನ್ನು ಮಂಚದ ಕೆಳಗೆ ತಳ್ಳಿಟ್ಟಿದ್ದೆ. ಮೊನ್ನೆ ತೆಗೆದೆ. ಮೇಲಿದ್ದುದು ನಾಗಸ್ವರದ ದೊಡ್ಡ ಪ್ಲೇಟು. ಅದರ ಹೊದಿಕೆಯ ಮೇಲೆ ಇನ್ನೂ ಅಕ್ಷತೆ ಕಾಳು ಅಂಟಿಕೊಂಡಿದೆ.

ಕೇಳಲು ಮನಸ್ಸಾಯಿತು. ಈಗ ಅಂಗಡಿಯಲ್ಲಿ ಸೂಟ್‌ಕೇಸ್ ಥರದ ಪ್ಲೇಯರುಗಳು ಸಿಗುತ್ತವೆ, ಆದರೆ ಅವುಗಳ ಮುಳ್ಳು ಪ್ಲೇಟನ್ನು ಕೆರೆದು ಹಾಳುಮಾಡುತ್ತದೆ ಎಂದು ಬಲ್ಲವರು ಹೇಳಿದರು. ಹಾಗಾದರೆ ನಾನೇ ಮಾಡುತ್ತೇನೆ ಎಂದುಕೊಂಡೆ. ದಿನವಿಡೀ ಐಟಿಐನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಹುಡುಗರಿಗೆ ಲೋಹ ಕಡೆಯುವುದು ಹೇಳಿಕೊಡುವವಳು ನಾನು, ಪ್ಲೇಟು ಕೂರುವ ಒಂದು ತಟ್ಟೆ ನೆಟ್ಟಗೆ ತಿರುಗುವಂತೆ ಮಾಡಲಾರೆನೆ ಎಂಬ ಜಂಭ. ಪ್ಲೇಯರ್ ಮಾಡುವುದು ಮಾತ್ರ ಇದೇ ಮೊದಲು.

ಮಾವನ ಯಂತ್ರ ಹೇಗಿತ್ತು, ಏನೇನು ತೊಂದರೆ ಕೊಡುತ್ತಿತ್ತು, ನೆನಪಿದ್ದಷ್ಟು ಬರೆಯಿರಿ. ಮುಗಿದ ದಿನ ಮೊದಲ ಪ್ಲೇಟನ್ನು ನೀವೇ ಬಂದು ಹಾಕಬೇಕು. ಅದಕ್ಕಾಗಿಯೇ ಮಾಡುತ್ತಿದ್ದೇನೆ ಎಂದರೂ ಸುಳ್ಳಲ್ಲ.

ಇಂತಿ,
ಬಿಂದು


ಬನ್ನಿಮಂಟಪ, ಮೈಸೂರು
1 ಮಾರ್ಚ್ 2024

ಬಿಂದೂ,

ಆಶೀರ್ವಾದ. ಮೊದಲಾಗಿದ್ದರೆ ಚಿರಂಜೀವಿ ಸೌಭಾಗ್ಯವತಿ ಎಂದು ಶುರು ಮಾಡುತ್ತಿದ್ದೆ. ಈಗ ಅದರಲ್ಲಿ ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು ಗೊತ್ತಾಗದೆ ಬರೀ ಆಶೀರ್ವಾದ ಹಾಕಿದ್ದೇನೆ. ಅದು ಯಾವಾಗಲೂ ಇರುತ್ತದೆ, ಯಾರ ಅಪ್ಪಣೆಯೂ ಬೇಡ.

ಪ್ಲೇಯರನ್ನು ಮನೆಯಲ್ಲೇ ಮಾಡುತ್ತೀಯಾ? ನಿನ್ನ ಧೈರ್ಯಕ್ಕೆ ಏನು ಹೇಳಲಿ! ನಿಮ್ಮ ಮಾವ ಜೀವಮಾನವೆಲ್ಲ ಅದನ್ನು ಬಿಚ್ಚಿ ಕಟ್ಟಿ ಮಾಡಿದರು, ಹೊಸದೊಂದು ಮಾಡುತ್ತೇನೆ ಎಂದು ಕನಸಲ್ಲೂ ಅನ್ನಲಿಲ್ಲ.

ಅವರ ಯಂತ್ರದ ತೊಂದರೆ ಕೇಳಿದ್ದೀಯ. ಅದರ ಹೊಟ್ಟೆಯಲ್ಲಿ ಮೋಟಾರು, ಮೋಟಾರಿನ ಕಡ್ಡಿಗೆ ಒರಗಿಕೊಂಡು ಒಂದು ರಬ್ಬರ್ ಚಕ್ರ, ಆ ಚಕ್ರ ತಟ್ಟೆಯನ್ನು ತಿರುಗಿಸುತ್ತಿತ್ತು. ಒಂದು ಸಲ ಛತ್ರದಲ್ಲಿ ಮದುವೆ, ಇನ್ನೇನು ಧಾರೆ ಎರೆಯಬೇಕು, ರಬ್ಬರ್ ಜಾರತೊಡಗಿತು. ನಾಗಸ್ವರ ಎಮ್ಮೆ ಕೂಗಿದ ಹಾಗೆ ಎಳೆದುಕೊಂಡು ಹೋಯಿತು. ಹೆಣ್ಣಿನ ಅಪ್ಪ ದುರುಗುಟ್ಟಿ ನೋಡುತ್ತಿದ್ದಾನೆ, ನಿಮ್ಮ ಮಾವನಿಗೆ ಕೈಕಾಲು ಆಡುತ್ತಿಲ್ಲ. "ಸರೀರೀ ಅತ್ಲಾಗೆ" ಎಂದು ನಾನೇ ಕೂತೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ಬಟ್ಟೆ ಟೇಪು ಸುತ್ತಿಕೊಂಡಿದ್ದೆ. ಅದನ್ನೇ ಬಿಚ್ಚಿ ಮೋಟಾರಿನ ಕಡ್ಡಿಗೆ ಸುತ್ತಿದೆ. ಹಿಡಿಯಿತು ನೋಡು! ಆಮೇಲೆ ಒಂದು ದಿನವೂ ಜಾರಲಿಲ್ಲ. ಸವೆದ ಹಾಗೆಲ್ಲ ಹೊಸ ಟೇಪು ಸುತ್ತುವುದು, ಅಂಗಡಿ ಮುಚ್ಚುವವರೆಗೂ ನನ್ನದೇ ಕೆಲಸ.

ಬರುವ ವಿಷಯ ಮಾತ್ರ ಬೇಡಮ್ಮ. ನಿಮ್ಮ ಬೀದಿಯಲ್ಲಿ ಯಾರಾದರೂ ನೀವು ಇವರಿಗೆ ಏನಾಗಬೇಕು ಎಂದು ಕೇಳಿದರೆ ಏನು ಹೇಳಲಿ? ಯೋಗಿಗೆ ಗೊತ್ತಾದರೆ ನೊಂದುಕೊಳ್ಳುತ್ತಾನೆ. ತಪ್ಪು ಯಾರದೇ ಇರಲಿ, ಅವನೂ ಸೊರಗಿದ್ದಾನೆ. ನೀನು ಬರೆಯುತ್ತಿರು, ಅಷ್ಟು ಸಾಕು.

ಇಂತಿ,
ಸುಮಿತ್ರಮ್ಮ


ಕುವೆಂಪುನಗರ
21 ಏಪ್ರಿಲ್ 2024

ಅತ್ತೆ,

ನಮಸ್ಕಾರ. ಧಾರೆ ಹೊತ್ತಿನಲ್ಲಿ ಬೆರಳಿನ ಟೇಪು ಬಿಚ್ಚಿ ಮದುವೆ ಉಳಿಸಿದ ಕಥೆ ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅದು ಬರೀ ಧೈರ್ಯವಲ್ಲ ಅತ್ತೆ, ಆ ಹೊತ್ತಿಗೆ ಹಾಗೆ ಹೊಳೆಯಬೇಕು. ನನಗೆ ಹೊಳೆಯುತ್ತಿರಲಿಲ್ಲ.

ನನ್ನ ಜಂಭ ಎರಡು ಸಲ ಇಳಿಯಿತು, ಹೇಳುತ್ತೇನೆ. ಮೊದಲು ತಟ್ಟೆಯನ್ನು ತೇಗದಲ್ಲಿ ಮಾಡಿದೆ. ಅಂದವಾಗಿತ್ತು, ಪಾಲಿಶ್ ಕೂಡ ಹಾಕಿದೆ. ಈ ಬೇಸಿಗೆಗೆ ಅದು ಹಪ್ಪಳದ ಹಾಗೆ ಬಾಗಿಕೊಂಡಿತು. ಮೇಲೆ ಪ್ಲೇಟು ಇಟ್ಟು ತಿರುಗಿಸಿದರೆ ಮುಳ್ಳು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತದೆ. ಬಿಸಾಡಲು ಮನಸ್ಸಾಗದೆ ಈಗ ಅದರ ಮೇಲೆ ತರಕಾರಿ ಹೆಚ್ಚುತ್ತಿದ್ದೇನೆ.

ಎರಡನೆಯದು ಮೋಟಾರು. ಹಳೆ ಟೇಪ್‌ರೆಕಾರ್ಡರಿನದು, ಸಣ್ಣಗೆ ಚೆನ್ನಾಗಿ ತಿರುಗುತ್ತದೆ. ಅಡುಗೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ತುಂಡನ್ನು ಮನೆ ಓನರ್ ಭಾಗ್ಯಮ್ಮ ಕೊಟ್ಟರು, ಅದೇ ಪೀಠ. ಅದರ ಮೇಲೇ ಮೋಟಾರನ್ನೂ ಕೂರಿಸಿದೆ. ಮುಳ್ಳು ಇಟ್ಟರೆ ಹಾಡಿಗಿಂತ ಮೊದಲು ಗುಂಯ್ ಎಂದು ಜೇನುಹುಳದ ಸದ್ದು. ಮೋಟಾರಿನ ನಡುಕ ಕಲ್ಲಿಗೆ, ಕಲ್ಲಿನಿಂದ ತಟ್ಟೆಗೆ, ತಟ್ಟೆಯಿಂದ ಮುಳ್ಳಿಗೆ. ವಾರವಿಡೀ ಮೋಟಾರಿನ ಕೆಳಗೆ ರಬ್ಬರು, ಬಟ್ಟೆ ಏನೇನೋ ಕೊಟ್ಟು ನೋಡಿದೆ. ಕೊನೆಗೆ ಮೋಟಾರನ್ನು ಎತ್ತಿ ಪಕ್ಕದಲ್ಲಿ ಬೇರೆಯೇ ಕಲ್ಲಿನ ಮೇಲೆ ಇಟ್ಟೆ. ಎರಡಕ್ಕೂ ನಡುವೆ ಈಗ ಒಂದು ಎಳೆ ದಾರ ಮಾತ್ರ. ದಾರ ತಟ್ಟೆಯನ್ನು ತಿರುಗಿಸುತ್ತದೆ, ನಡುಕವನ್ನು ದಾಟಿಸುವುದಿಲ್ಲ. ಒಂದೇ ಕಲ್ಲಿನ ಮೇಲೆ ಇರಲಾರದವು ಹೀಗೆ ಬೇರೆ ಬೇರೆ ಕೂತು ಚೆನ್ನಾಗಿ ಕೆಲಸ ಮಾಡುತ್ತಿವೆ. ಇದನ್ನು ಬರೆಯುವಾಗ ನನಗೆ ಏನು ನೆನಪಾಯಿತೆಂದು ನಿಮಗೂ ಗೊತ್ತು.

ಹೊಸ ತಟ್ಟೆ ಅಲ್ಯೂಮಿನಿಯಂನದು. ಲೇತ್‌ನಲ್ಲಿ ನಾನೇ ಕಡೆದೆ. ಹಿತ್ತಾಳೆಯ ಕೊಳವೆಯಂಥ ಬುಶ್ ಒಳಗೆ ಸೈಕಲ್ಲಿನ ಒಂದೇ ಒಂದು ಉಕ್ಕಿನ ಗುಂಡು, ಅದರ ತುದಿಯ ಮೇಲೆ ಇಡೀ ತಟ್ಟೆ ನಿಂತಿದೆ. ಬೆರಳಿನಿಂದ ಒಂದು ಸಲ ತಳ್ಳಿದರೆ ನಾನು ಕಾಫಿ ಸೋಸಿಕೊಂಡು ಬರುವವರೆಗೂ ತಿರುಗುತ್ತಿರುತ್ತದೆ. ಫೋಟೊ ಇಟ್ಟಿದ್ದೇನೆ.

ಇಂತಿ,
ಬಿಂದು


ಬನ್ನಿಮಂಟಪ
9 ಮೇ 2024

ಬಿಂದೂ,

ಆಶೀರ್ವಾದ. ಫೋಟೊ ನೋಡಿದೆ. ಮತ್ತೆ ನೋಡಿದೆ. ಕರೀ ಕಲ್ಲಿನ ಮೇಲೆ ಬೆಳ್ಳಿ ತಟ್ಟೆ ಇಟ್ಟ ಹಾಗೆ ಕಾಣುತ್ತದೆ. ಇದನ್ನು ನಮ್ಮ ಹುಡುಗಿ ಮಾಡಿದ್ದು ಎಂದು ಬೀದಿಯಲ್ಲಿ ನಿಂತು ಕೂಗಬೇಕು ಅನ್ನಿಸಿತು. ನನ್ನ ಗಂಟಲಿಗೆ ಮೈಕ್ ಕೂಡ ಬೇಡ.

ನಿಮ್ಮ ಮಾವ ಇದ್ದಿದ್ದರೆ ಏನು ಮಾಡುತ್ತಿದ್ದರು ಗೊತ್ತಾ? ಮೊದಲು "ಇದೇನ್ ಮಹಾ" ಎಂದು ಮೂಗು ಮುರಿಯುತ್ತಿದ್ದರು. ಆಮೇಲೆ ಯಾರೂ ಇಲ್ಲದಾಗ ಬಗ್ಗಿ ಅಡಿಯಿಂದ ನೋಡುತ್ತಿದ್ದರು. ಆಮೇಲೆ ಬನ್ನಿಮಂಟಪದಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ಕರೆದು ತಂದು "ಜವರಯ್ಯನ ಸೊಸೆ ಮಾಡಿದ್ದು ಕಣ್ಲಾ" ಎಂದು ತೋರಿಸುತ್ತಿದ್ದರು.

ದಾರದ ಮಾತು ಓದಿದೆ. ನೀನು ಹೇಳುವುದು ಸರಿ. ನೀವಿಬ್ಬರೂ ಒಂದೇ ಮನೆಯಲ್ಲಿದ್ದಾಗ ಇದ್ದ ಆ ಗುಂಯ್ ಸದ್ದು ನನಗೂ ಕೇಳುತ್ತಿತ್ತು.

ಮುಳ್ಳಿನ ಕೈ ಯಾವುದರಲ್ಲಿ ಮಾಡುತ್ತೀಯ? ಬೇಗ ಮುಗಿಸು. ಬರುತ್ತೇನೆ ಎಂದು ಹೇಳುತ್ತಿಲ್ಲ, ಆದರೂ ಬೇಗ ಮುಗಿಸು.

ಇಂತಿ,
ಸುಮಿತ್ರಮ್ಮ


ಬನ್ನಿಮಂಟಪ
3 ಜುಲೈ 2024

ಬಿಂದೂ,

ಆಶೀರ್ವಾದ. ಯೋಗಿಗೆ ಒಂದು ಸಂಬಂಧ ಬಂದಿದೆ. ಹುಡುಗಿ ಹೆಸರು ಅನನ್ಯ, ನಂಜನಗೂಡಿನ ಕಡೆಯವರು. ಅವಳಿಗೂ ಇದು ಎರಡನೆಯದು. ಒಳ್ಳೆಯ ಹುಡುಗಿಯ ಹಾಗೆ ಕಾಣುತ್ತಾಳೆ, ಹೆಚ್ಚು ಮಾತಿಲ್ಲ.

ಹುಡುಗಿಯ ಅಪ್ಪ ಕೇಳಿದ್ದು ಒಂದೇ. "ಮೊದ್ಲುನ್ ಹುಡ್ಗಿ ಕಡೆಯಿಂದ ಹೋಗೋದು ಬರೋದು ಏನಾದ್ರೂ ಐತಾ? ಇದ್ರೆ ನಮ್ಗೆ ಬ್ಯಾಡ." ನಾನು ಬಾಯಿ ತೆರೆಯುವ ಮೊದಲೇ ಯೋಗಿ "ಏನೂ ಇಲ್ಲ" ಅಂದ. ಅವನಿಗೆ ಗೊತ್ತಿದ್ದಷ್ಟಕ್ಕೆ ಅವನು ನಿಜವನ್ನೇ ಹೇಳಿದ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅವನು ಬಹಳ ದಿನದ ಮೇಲೆ ನಗುತ್ತಿದ್ದಾನೆ. ಅದನ್ನು ಕೆಡಿಸಲು ನನ್ನ ಕೈಲಾಗದು. ಇನ್ನು ಮೇಲೆ ಬರೆಯಬೇಡಮ್ಮ. ಆ ಕೆಲಸ ಮಾತ್ರ ಅರ್ಧಕ್ಕೆ ಬಿಡಬೇಡ.

ಸುಮಿತ್ರಮ್ಮ


ಕುವೆಂಪುನಗರ
15 ಸೆಪ್ಟೆಂಬರ್ 2024

ಅತ್ತೆ,

ಬರೆಯಬೇಡ ಎಂದಿರಿ, ಬರೆಯಲಿಲ್ಲ. ಇದೊಂದನ್ನು ಬರೆಯದಿದ್ದರೆ ಮಾತ್ರ ನನಗೆ ಅನ್ನ ಸೇರುವುದಿಲ್ಲ.

ಅದು ಹಾಡಿತು.

ಮುಳ್ಳಿನ ಕೈ ಬಿದಿರಿನದು. ಮೊರ ಹೆಣೆಯುವವರ ಹತ್ತಿರ ಒಣಗಿದ ಬಿದಿರು ತಂದು, ಸೀಳಿ, ಉಜ್ಜಿ, ಹಿಂದಿನ ತುದಿಗೆ ಹಿತ್ತಾಳೆಯ ತೂಕ ಹಾಕಿದೆ. ಆ ತೂಕವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಇಡೀ ಆಗಸ್ಟ್ ಕಳೆಯಿತು. ಹಗುರವಾದರೆ ಮುಳ್ಳು ಪ್ಲೇಟಿನ ಮೇಲೆ ಜಾರಿ ಓಡುತ್ತದೆ, ಭಾರವಾದರೆ ಪ್ಲೇಟನ್ನೇ ಉಳುತ್ತದೆ. ಕೊನೆಗೆ ಒಂದು ಬೆಳಿಗ್ಗೆ ಸರಿಯಾಗಿ ಕೂತಿತು. ವೇಗ ನೋಡಲು ಗೆರೆ ಹಾಕಿದ ಕಾಗದದ ಬಿಲ್ಲೆ ಇದೆ. ಟ್ಯೂಬ್‌ಲೈಟಿನ ಕೆಳಗೆ ತಟ್ಟೆಯ ಜೊತೆ ತಿರುಗುವಾಗ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿ ಎಂದು ಲೆಕ್ಕ. ನನ್ನವು ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತವು.

ಮಾವನ ನಾಗಸ್ವರದ ಪ್ಲೇಟನ್ನು ಹಾಕಲಿಲ್ಲ. ಅದನ್ನು ನಿಮ್ಮ ಕೈಗೆಂದು ಎತ್ತಿಟ್ಟಿದ್ದೆ. ಬೇರೆ ಯಾವುದೋ ದೇವರನಾಮ ಹಾಕಿದೆ. ಮೊದಲು ಚಟಪಟ ಎಂದು ಸದ್ದು, ಆಮೇಲೆ ತಂಬೂರಿ. ನಾನು ಕಡೆದ ತಟ್ಟೆಯ ಮೇಲೆ, ನಾನು ಸೀಳಿದ ಬಿದಿರಿನಿಂದ ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಅತ್ತು ಬಿಟ್ಟೆ. ಭಾಗ್ಯಮ್ಮ ಮೇಲಿನಿಂದ ಇಳಿದು ಬಂದು "ಯಾರಾದ್ರೂ ತೀರ್ಕೊಂಡ್ರಾ?" ಅಂದರು. "ಇಲ್ಲ, ಹುಟ್ಟುದ್ರು" ಅಂದೆ.

ಯೋಗೇಂದ್ರ ಅವರಿಗೆ ಒಳ್ಳೆಯದಾಗಲಿ. ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ನಿಮ್ಮ ಮುಂದೆ ಒಂದು ನಿಜ ಹೇಳುತ್ತೇನೆ. ಅವರಿಂದ ದೂರವಾಗುವಾಗ ಇಷ್ಟು ಸಂಕಟವಾಗಲಿಲ್ಲ. ನಿಮ್ಮನ್ನು ಬಿಡುವುದಕ್ಕೆ ಆಗುತ್ತಿದೆ. ನೀವು ಹೇಳಿದರೆ ಟ್ರಂಕು, ಪ್ಲೇಯರು ಎರಡನ್ನೂ ಆಟೋದಲ್ಲಿ ನಿಮ್ಮ ಮನೆಗೇ ಕಳಿಸುತ್ತೇನೆ. ಯಾರು ಮಾಡಿದ್ದು ಎಂದು ಯಾರಿಗೂ ಹೇಳಬೇಕಾಗಿಲ್ಲ. ಕೇಳಬೇಕಾದ ಕಿವಿ ಕೇಳಿದರೆ ಸಾಕು.

ಇಂತಿ,
ಬಿಂದು


ಕುವೆಂಪುನಗರ
20 ಅಕ್ಟೋಬರ್ 2024

ಅತ್ತೆ,

ನಮಸ್ಕಾರ. ಆಯುಧಪೂಜೆಯ ದಿನ ನನ್ನ ಗೇಟಿನ ಮುಂದೆ ಆಟೋ ನಿಂತು, ಅದರೊಳಗಿಂದ ಮೊದಲು ಒಂದು ಬೂದುಗುಂಬಳಕಾಯಿ, ಆಮೇಲೆ ನೀವು ಇಳಿದದ್ದನ್ನು ಇನ್ನೂ ನೆನೆಸಿಕೊಂಡು ನಗುತ್ತಿದ್ದೇನೆ. "ಯಂತ್ರ ಮಾಡ್ಬುಟ್ಟು ಪೂಜೆ ಮಾಡ್ದೆ ಇದ್ರೆ ಆಯ್ತದಾ? ಹಿಡ್ಕೊ ಇದ್ನ" ಎಂದಿರಿ. ಭಾಗ್ಯಮ್ಮ ಬಂದು "ಇವ್ರು ಯಾರು?" ಎಂದಾಗ ಗಡಿಬಿಡಿಯಲ್ಲಿ "ನಮ್ಗೆ ಬೇಕಾದೋರು" ಅಂದುಬಿಟ್ಟೆ. ಬೇರೆ ಹೆಸರು ಸಿಗಲಿಲ್ಲ.

ನೀವು ಗ್ರಾನೈಟಿಗೆ ಅರಿಶಿನ ಕುಂಕುಮ ಇಟ್ಟು, ಸೆರಗಿನಲ್ಲಿ ಪ್ಲೇಟನ್ನು ಒರೆಸಿ, ಅಂಚನ್ನು ಮಾತ್ರ ಹಿಡಿದು ತಟ್ಟೆಯ ಮೇಲಿಟ್ಟ ರೀತಿಯನ್ನು ನಮ್ಮ ಐಟಿಐ ಹುಡುಗರಿಗೆ ತೋರಿಸಬೇಕು ಅನ್ನಿಸಿತು. ಆಮೇಲೆ ನಾಗಸ್ವರ ಶುರುವಾಯಿತು. ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ನಿಮ್ಮ ಹುಬ್ಬು ಗಂಟಾಯಿತು.

"ಚೆನ್ನಾಗೈತೆ ಕಣಮ್ಮ. ಆದ್ರೆ ಯಾಕೋ ಎಳೀತದಲ್ಲ."

ಗೆರೆಯ ಬಿಲ್ಲೆ ತೋರಿಸಿದೆ, ಗೆರೆ ನಿಂತಿವೆ ನೋಡಿ ಎಂದು ವಾದ ಮಾಡಿದೆ. ನೀವು ಅದನ್ನು ನೋಡಲೇ ಇಲ್ಲ. "ಗೆರೆ ನಿಂತಿರ್ಬೋದು. ಈ ನಾಗಸ್ವರಕ್ಕೆ ಮದ್ವೆ ನಡೆಯಾಕಿಲ್ಲ, ಎಲ್ರೂ ನಿದ್ದೆ ಹೊಡೀತಾರೆ. ಒಸಿ ಜೋರು ಮಾಡು."

ಮನಸ್ಸಿಲ್ಲದ ಮನಸ್ಸಿನಿಂದ ವೇಗದ ಗುಂಡಿ ತಿರುಗಿಸಿದೆ. ಗೆರೆಗಳು ಓಡಲು ಶುರು ಮಾಡಿದವು. ಸ್ವರ ಒಂದಿಷ್ಟು ಮೇಲೇರಿತು. ಇನ್ನೂ, ಇನ್ನೂ ಎಂದಿರಿ. ಒಂದು ಕಡೆ ಬಂದಾಗ ಥಟ್ಟನೆ ಕೈ ಎತ್ತಿದಿರಿ. "ಹಾಂ. ಇದು. ಇದೇ ನಮ್ಮ ಯಜಮಾನ್ರುದು." ಕಣ್ಣೊರೆಸಿಕೊಂಡು ಪ್ಲೇಟು ಮುಗಿಯುವವರೆಗೂ ಅಲುಗಾಡದೆ ಕೂತಿರಿ.

ನೀವು ಹೋದ ಮೇಲೆ ನನಗೆ ಇದೊಂದೇ ಯೋಚನೆ. ನನ್ನ ಲೆಕ್ಕ ತಪ್ಪಿಲ್ಲ, ನಿಮ್ಮ ಕಿವಿ ತಪ್ಪುವುದಿಲ್ಲ, ಹಾಗಾದರೆ ಇದು ಹೇಗೆ? ಪಾತ್ರೆ ತೊಳೆಯುತ್ತಾ ನಿಂತಾಗ ಹೊಳೆಯಿತು. ಅತ್ತೆ, ಟೇಪು! ಮೋಟಾರಿನ ಕಡ್ಡಿಗೆ ಬಟ್ಟೆ ಸುತ್ತಿದರೆ ಕಡ್ಡಿ ದಪ್ಪವಾಗುತ್ತದೆ. ದಪ್ಪವಾದರೆ ತಟ್ಟೆ ಬೇಗ ತಿರುಗುತ್ತದೆ. ನೀವು ಆ ಧಾರೆ ಹೊತ್ತಿನಲ್ಲಿ ಟೇಪು ಸುತ್ತಿದ ದಿನದಿಂದ ಬನ್ನಿಮಂಟಪದ ಮದುವೆಗಳೆಲ್ಲ ಸ್ವಲ್ಪ ಜೋರಾದ ನಾಗಸ್ವರಕ್ಕೇ ನಡೆದಿವೆ! ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಅದೇ ಸರಿ ಎಂದು ತಾಳಿ ಕಟ್ಟಿದರು. ಅಷ್ಟು ವರ್ಷದ ಆ ವೇಗವನ್ನು ಕಿವಿಯಲ್ಲಿ ಹಾಗೇ ಇಟ್ಟುಕೊಂಡು, ನನ್ನ ಯಂತ್ರವನ್ನು ಅಲ್ಲಿಗೇ ತಂದು ನಿಲ್ಲಿಸಿದಿರಲ್ಲ, ನಿಮಗೆ ಅಡ್ಡಬಿದ್ದೆ. ನೀವು ಕೈ ಎತ್ತಿದ ಜಾಗದಲ್ಲಿ ಗುಂಡಿಯ ಪಕ್ಕ ಒಂದು ಗೆರೆ ಗೀರಿದ್ದೇನೆ. ಮಾವನ ಪ್ಲೇಟುಗಳಿಗೆ ಇನ್ನು ಅದೇ ವೇಗ.

ಒಂದು ಮಾತು ಹೇಳಬೇಕು. ಹೊರಡುವಾಗ ನೀವು ಆಟೋದವನಿಗೆ ಬನ್ನಿಮಂಟಪಕ್ಕೆ ಎನ್ನದೆ ಮಾರ್ಕೆಟ್ ಪಕ್ಕದ ದೊಡ್ಡ ಗಡಿಯಾರಕ್ಕೆ ಎಂದಿರಿ. ಮಾರ್ಕೆಟಿಗೆ ಹೋಗಿದ್ದೆ ಎಂದು ಮನೆಯಲ್ಲಿ ಹೇಳಲು ಇರಬೇಕು. ನೀವು ನನ್ನ ಮನೆಗೆ ಕದ್ದು ಬರುವುದು ನನಗೆ ಬೇಡ ಅತ್ತೆ. ನಾನು ಕದ್ದು ನೋಡಬೇಕಾದವಳಲ್ಲ, ನೀವು ಕದಿಯುವವರಲ್ಲ. ಹೇಳಿ ಬರಲು ಆಗದಿದ್ದರೆ ಬರಬೇಡಿ. ನನಗೆ ಕೋಪವಿಲ್ಲ. ಬಂದಷ್ಟು ಸಾಕು ಎಂದುಕೊಳ್ಳುತ್ತೇನೆ.

ಇಂತಿ,
ಬಿಂದು


ಬನ್ನಿಮಂಟಪ
13 ನವೆಂಬರ್ 2024

ಬಿಂದೂ,

ಆಶೀರ್ವಾದ. ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಬೀದಿಯಲ್ಲಿ ಅರ್ಧಕ್ಕರ್ಧ ಜನಕ್ಕೆ ನಾನು ಜೋರಾಗಿ ಮದುವೆ ಮಾಡಿಸಿದ್ದೇನೆ ಎಂದಾಯಿತು. ಯಾರೂ ವಾಪಸ್ ಬಂದು ಕೇಳಿಲ್ಲ, ಬಿಡು.

ಕದ್ದು ಬರಬೇಡಿ ಎಂದೆಯಲ್ಲ, ಆ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ. ನಮ್ಮನೆಯಲ್ಲಿ ಯಾರೂ ನನಗೆ ಅಷ್ಟು ನೆಟ್ಟಗೆ ಹೇಳಿಲ್ಲ.

ದೀಪಾವಳಿ ಕಳೆದ ಮೇಲೆ ಅನನ್ಯಳ ಕಡೆಯವರು ದಿನ ಗೊತ್ತುಮಾಡಲು ಬಂದರು. ಅವಳ ಅಪ್ಪ ಮತ್ತೆ ಅದೇ ಪಲ್ಲವಿ. "ಹಳೇದೇನೂ ಇಲ್ವಲ್ಲ?" ಯೋಗಿ ಇಲ್ಲ ಎನ್ನಲು ಬಾಯಿ ತೆಗೆದ. ಈ ಸಲ ನಾನು ಲೋಟ ಎತ್ತಿಕೊಂಡು ಒಳಗೆ ಹೋಗಲಿಲ್ಲ. "ಐತೆ" ಅಂದೆ. ನನ್ನ ಗಂಟಲು ನಿನಗೆ ಗೊತ್ತು, ಬೀದಿಗೂ ಕೇಳಿಸಿರಬೇಕು.

"ನಾನು ಆ ಹುಡ್ಗಿ ಮನೆಗೆ ಹೋಗಿದ್ದೆ. ಮುಂದ್ಕೂ ಹೋಯ್ತೀನಿ. ಕೋರ್ಟಲ್ಲಿ ಅವಳ್ನ ಬುಟ್ಟಿದ್ದು ನನ್ ಮಗ. ನನ್ನ ಯಾರೂ ಕೂಗಿ ಕೇಳ್ನಿಲ್ಲ, ನಾನು ಯಾವ ಕಾಗ್ದಕ್ಕೂ ಸಹಿ ಹಾಕ್ನಿಲ್ಲ. ನಾನು ಅವಳ್ನ ಬುಟ್ಟಿಲ್ಲ ಕಣ್ರೀ."

ಆ ಮನುಷ್ಯ ಶಾಲು ಹೊದ್ದುಕೊಂಡು ಎದ್ದೇಬಿಟ್ಟ. ಯೋಗಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಗನ ನಗುವನ್ನು ನಾನೇ ಕೈಯಾರೆ ಒರೆಸಿದೆ ಅಂದುಕೊಂಡೆ. ಆಗ ಅನನ್ಯ, ಇಷ್ಟು ದಿನ ತಲೆ ಎತ್ತದ ಹುಡುಗಿ, ಕೂತಲ್ಲಿಂದಲೇ ಅಂದಳು, "ಕೂತ್ಕೊಳಪ್ಪ. ನಂಗೂ ಒಬ್ರು ಅತ್ತೆ ಇದ್ರು. ನಾನು ಆ ಮನೆ ಬುಟ್ಟು ಬಂದ್ಮೇಲೆ ಒಂದ್ ದಿನಕ್ಕೂ ಎಂಗಿದ್ದೀಯ ಅಂತ ಫೋನ್ ಮಾಡ್ನಿಲ್ಲ."

ಅವನು ಕೂತುಕೊಳ್ಳಲಿಲ್ಲ. ಯೋಚನೆ ಮಾಡಿ ಹೇಳುತ್ತೇವೆ ಎಂದು ಕರೆದುಕೊಂಡು ಹೋದ. ಅವಳು ಬಾಗಿಲಲ್ಲಿ ತಿರುಗಿ ನನ್ನ ಕಾಲು ಮುಟ್ಟಿ ಹೋದಳು. ಇನ್ನೂ ಏನೂ ಹೇಳಿ ಕಳಿಸಿಲ್ಲ.

ಯೋಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಟ್ಟೆಗೆ ಹಾಕಿದ್ದನ್ನು ತಿಂದು ಎದ್ದು ಹೋಗುತ್ತಿದ್ದ. ನಾನೂ ಸಮಾಧಾನ ಮಾಡಲು ಹೋಗಲಿಲ್ಲ, ಹೇಳಿದ್ದರಲ್ಲಿ ವಾಪಸ್ ತೆಗೆದುಕೊಳ್ಳುವ ಮಾತು ಒಂದೂ ಇರಲಿಲ್ಲ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದವನು ನನ್ನ ಕಡೆ ನೋಡದೆ ಕೇಳಿದ, "ಭಾನ್ವಾರ ಕುವೆಂಪುನಗ್ರುಕ್ಕೆ ಎಷ್ಟೊತ್ಗೆ ಬುಡ್ಲಿ?"

ಹತ್ತು ಗಂಟೆ ಎಂದು ಹೇಳಿದ್ದೇನೆ. ಅವನು ಗೇಟಿನಿಂದಲೇ ವಾಪಸ್ ಹೋಗಬಹುದು. ಹೋದರೆ ಹೋಗಲಿ, ಕರೆಯಬೇಡ. ಬಾಗಿಲು ಮಾತ್ರ ತೆಗೆದೇ ಇರಲಿ.

ಇಂತಿ,
ಸುಮಿತ್ರಮ್ಮ